ಹೇಮಾವತಿಯ ಸೀಮೆಯಿಂದ ದೆಹಲಿಗೆ: ಶ್ರೀ ಎಚ್. ಡಿ. ದೇವೇಗೌಡರ ಜೀವನ

ಬೇಸಗೆ ಕಾಲಿಟ್ಟಿತೆಂದರೆ ಕೊಂಢವಾದ ಬಡಾವಣೆಗಳಲ್ಲಿ ನೀರಿನ ಟ್ಯಾಂಕರುಗಳ ಓಡಾಟ ಪ್ರಾರಂಭವಾಗುತ್ತದೆ. ಒಂದು ಕಾಲಕ್ಕೆ ಪುಣೆಯ ಹೊರಗೆ ಹೊಲಗಳ ನಡುವೆ ಇದ್ದ ಈ ಹಳ್ಳಿಯ ನೆಲದ ಮೇಲೆ ಇಂದು ಬಹುಮಹಡಿಯ ಮನೆಗಳೆದ್ದಿವೆ. ಅವುಗಳಲ್ಲಿ ವಾಸಿಸುವ ಕನ್ನಡಿಗರಲ್ಲಿ ಅನೇಕರು ಒಂದು ಕೊಡ ನೀರಿನ ಬೆಲೆಯನ್ನು ಊರಿನಲ್ಲಿಯೂ ಕಂಡವರು, ಇಲ್ಲಿಯೂ ಕಾಣುತ್ತಿರುವವರು. ಪುಣೆಯ ಮುಳಾ-ಮುಠಾ ನದಿ ಭೀಮೆಯನ್ನು ಸೇರುತ್ತದೆ. ಭೀಮೆಯು ಪಂಢರಪುರವನ್ನು ಹಾದು, ವಿಜಯಪುರ, ಕಲಬುರಗಿ ಜಿಲ್ಲೆಗಳ ಹೊಲಗಳನ್ನು ತಣಿಸಿ, ರಾಯಚೂರಿನ ಕಡೆ ಕೃಷ್ಣೆಯಲ್ಲಿ ಒಂದಾಗುತ್ತದೆ. ಮೇಲಿನವರು ಎಷ್ಟು ಹಿಡಿಯಬೇಕು, ಕೆಳಗಿನವರಿಗೆ ಎಷ್ಟು ಬಿಡಬೇಕು ಎಂಬ ಪ್ರಶ್ನೆಯಿಂದ ಈ ದೇಶದ ಯಾವ ದೊಡ್ಡ ನದಿಯೂ ತಪ್ಪಿಸಿಕೊಂಡಿಲ್ಲ. ಈ ಪ್ರಶ್ನೆಯನ್ನೇ ತನ್ನ ರಾಜಕೀಯದ ಉಸಿರಾಗಿ ಮಾಡಿಕೊಂಡು, ಹಾಸನ ಜಿಲ್ಲೆಯ ಒಂದು ಸಣ್ಣ ಹಳ್ಳಿಯಿಂದ ಭಾರತದ ಪ್ರಧಾನಮಂತ್ರಿಯ ಪೀಠದವರೆಗೆ ನಡೆದುಹೋದ ರೈತನೊಬ್ಬನ ಜೀವನವನ್ನು ಸಾವಧಾನವಾಗಿ ನೋಡುವುದು ಆದುದರಿಂದ ಅಪ್ರಸ್ತುತವಾಗಲಾರದು.

ಹರದನಹಳ್ಳಿ ದೊಡ್ಡೇಗೌಡ ದೇವೇಗೌಡರು 1933ರ ಮೇ 18ರಂದು ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯಲ್ಲಿ ಜನಿಸಿದರು. ತಂದೆ ದೊಡ್ಡೇಗೌಡರು, ತಾಯಿ ದೇವಮ್ಮನವರು. ಬೇಸಾಯವನ್ನೇ ನಂಬಿದ ಒಕ್ಕಲುಮನೆ. ಮಳೆ ಬಂದರೆ ಬೆಳೆ, ಬಾರದಿದ್ದರೆ ಸಾಲ ಎಂಬುದು ಆ ಕಾಲದ ಅಂಥ ಎಲ್ಲ ಮನೆಗಳ ಸ್ಥಿತಿ. ಬಾಲಕ ಹೊಲದ ಕೆಲಸದ ಜೊತೆಗೆ ಓದನ್ನೂ ಬಿಡಲಿಲ್ಲ. ಹಾಸನದ ಎಲ್. ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಇಂಜಿನಿಯರಿಂಗ್ ಡಿಪ್ಲೊಮಾ ಪಡೆದು, ಕೆಲಕಾಲ ಸಣ್ಣಪುಟ್ಟ ಗುತ್ತಿಗೆ ಕೆಲಸಗಳನ್ನು ಮಾಡಿಸಿದರು. ಈ ಸಂಗತಿ ಅವರ ಜೀವನಚರಿತ್ರೆಗಳಲ್ಲಿ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಮುಂದಿನ ಕಥೆಯನ್ನು ಅರಿಯಲು ಇದು ಬಹಳ ಮುಖ್ಯ. ನೀರಿಲ್ಲದ ಗದ್ದೆಯ ಸಂಕಟವನ್ನು ಬಲ್ಲವರು ಕೋಟ್ಯಂತರ ಮಂದಿ. ಆ ಗದ್ದೆಗೆ ನೀರು ತರುವ ನಾಲೆಯ ಅಳತೆ, ಅಂದಾಜುಪಟ್ಟಿ, ಮಣ್ಣಿನ ಕೆಲಸದ ದರ ಇವುಗಳನ್ನೂ ಬಲ್ಲವರು ವಿರಳ. ದೇವೇಗೌಡರಲ್ಲಿ ಇವೆರಡೂ ಕೂಡಿದ್ದವು. ವಿಧಾನಸಭೆಯಲ್ಲಿ ಕಡತಗಳನ್ನು ಮುಂದಿಟ್ಟುಕೊಂಡು ಗಂಟೆಗಟ್ಟಲೆ ಅಂಕಿಸಂಖ್ಯೆಗಳನ್ನು ಒಪ್ಪಿಸುತ್ತಿದ್ದ ಅವರ ರೀತಿ ಕೇಳುವವರಿಗೆ ಕೆಲವೊಮ್ಮೆ ಬೇಸರ ತರಿಸುತ್ತಿತ್ತಾದರೂ, ಉತ್ತರ ಕೊಡಬೇಕಾದ ಅಧಿಕಾರಿಗಳಿಗೆ ಮಾತ್ರ ಅದು ಬೇಸರದ ವಿಷಯವಾಗಿರಲಿಲ್ಲ, ಭಯದ ವಿಷಯವಾಗಿತ್ತು.

1953ರಲ್ಲಿ ಕಾಂಗ್ರೆಸ್ಸನ್ನು ಸೇರಿದ ಅವರು ಹೊಳೆನರಸೀಪುರದ ಸಹಕಾರ ಸಂಘದಲ್ಲಿ, ತಾಲ್ಲೂಕು ಅಭಿವೃದ್ಧಿ ಮಂಡಲಿಯಲ್ಲಿ ದುಡಿದರು. 1962ರ ಚುನಾವಣೆಯಲ್ಲಿ ಪಕ್ಷದ ಟಿಕೇಟು ದೊರೆಯಲಿಲ್ಲ. ಪಕ್ಷೇತರರಾಗಿ ನಿಂತರು, ಗೆದ್ದರು. ಅಲ್ಲಿಂದ 1989ರವರೆಗೆ ಹೊಳೆನರಸೀಪುರದ ಮತದಾರರು ಅವರ ಕೈಬಿಡಲಿಲ್ಲ.

ಅವರು ಶಾಸಕರಾದ ಕಾಲದಲ್ಲಿ ಕಾವೇರಿ ಕಣಿವೆಯ ರೈತನ ಸ್ಥಿತಿ ಹೇಗಿತ್ತೆಂಬುದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ಮೈಸೂರು ಮತ್ತು ಮದ್ರಾಸುಗಳ ನಡುವೆ 1892ರಲ್ಲಿ ಒಂದು, 1924ರಲ್ಲಿ ಇನ್ನೊಂದು ಒಪ್ಪಂದವಾಗಿತ್ತು. ಎರಡನೆಯದರಿಂದ ಕನ್ನಂಬಾಡಿ ಕಟ್ಟೆಯೇನೋ ಸಾಧ್ಯವಾಯಿತು. ಆದರೆ ಮೈಸೂರು ಸೀಮೆಯ ಹೊಸ ನೀರಾವರಿಗೆ ಕಟ್ಟುಪಾಡುಗಳೂ ಬಿದ್ದವು. ಅದರ ಕೆಲವು ಕಲಮುಗಳನ್ನು ಐವತ್ತು ವರ್ಷಗಳ ಅನಂತರ, ಎಂದರೆ 1974ರಲ್ಲಿ, ಪುನಃ ಪರಿಶೀಲಿಸಬೇಕಾಗಿತ್ತು. ಅಷ್ಟರೊಳಗೆ ಹೇಮಾವತಿ, ಹಾರಂಗಿ, ಕಬಿನಿ ಅಣೆಕಟ್ಟುಗಳ ಕೆಲಸವನ್ನು ರಾಜ್ಯ ಕೈಗೆತ್ತಿಕೊಂಡಿತು. ವಿವಾದದ ನದಿಯಾದುದರಿಂದ ಕೇಂದ್ರದ ಯೋಜನಾ ಆಯೋಗದ ಒಪ್ಪಿಗೆಯಿಲ್ಲ, ಒಪ್ಪಿಗೆಯಿಲ್ಲದುದರಿಂದ ಹಣವಿಲ್ಲ. ರಾಜ್ಯವು ತನ್ನ ಬೊಕ್ಕಸದಿಂದಲೇ ಕೆಲಸ ನಡೆಸಬೇಕಾಯಿತು. ಗೊರೂರಿನ ಬಳಿ ಹೇಮಾವತಿ ಅಣೆಕಟ್ಟು 1979ರಲ್ಲಿ ಪೂರ್ಣವಾಯಿತು. ಅದರಲ್ಲಿ ಹಿಡಿಯುವ ನೀರು ಸುಮಾರು 37 ಟಿ.ಎಂ.ಸಿ. ಪತ್ರಿಕೆಗಳಲ್ಲಿ ನಿತ್ಯ ಕಾಣುವ ಈ ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ, ಅಥವಾ ಸುಮಾರು 2,830 ಕೋಟಿ ಲೀಟರು ನೀರು. ಕಟ್ಟೆಯಲ್ಲಿ ನೀರು ನಿಂತ ಮಾತ್ರಕ್ಕೆ ಹೊಲಕ್ಕೆ ಹರಿಯುವುದಿಲ್ಲವಷ್ಟೆ? ನಾಲೆ ಬೇಕು, ಉಪನಾಲೆ ಬೇಕು, ಹೊಲಗಾಲುವೆ ಬೇಕು. ಕಟ್ಟೆ ಮುಗಿದರೂ ನಾಲೆ ಮುಗಿಯದ ಸ್ಥಿತಿ ರಾಜ್ಯದ ಅನೇಕ ಯೋಜನೆಗಳದಾಗಿತ್ತು. ಈ ಅರೆಬರೆ ನಾಲೆಗಳೇ ದೇವೇಗೌಡರ ಜೀವನದುದ್ದಕ್ಕೂ ಮತ್ತೆ ಮತ್ತೆ ಅಡ್ಡ ಬರುತ್ತವೆ.

1969ರಲ್ಲಿ ಕಾಂಗ್ರೆಸ್ಸು ಒಡೆದಾಗ ಅವರು ಶ್ರೀ ನಿಜಲಿಂಗಪ್ಪನವರ ಸಂಸ್ಥಾ ಕಾಂಗ್ರೆಸ್ಸಿನ ಕಡೆ ನಿಂತರು. 1972ರ ಚುನಾವಣೆಯಲ್ಲಿ ಶ್ರೀ ದೇವರಾಜ ಅರಸರ ಅಲೆಯಲ್ಲಿ ಆ ಪಕ್ಷದ ಘಟಾನುಘಟಿಗಳು ಕೊಚ್ಚಿಹೋದರು. ಉಳಿದ ಬೆರಳೆಣಿಕೆಯ ಸದಸ್ಯರ ಮುಂದಾಳಾಗಿ ದೇವೇಗೌಡರು ವಿರೋಧ ಪಕ್ಷದ ನಾಯಕರಾದರು. ಅರಸರು ಭೂಸುಧಾರಣೆಯಿಂದ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿ ಇತಿಹಾಸದಲ್ಲಿ ತಮ್ಮ ಸ್ಥಾನವನ್ನು ಭದ್ರಪಡಿಸಿಕೊಂಡ ಕಾಲ ಅದು. ಅವರ ಎದುರು ಕುಳಿತು ಸರ್ಕಾರವನ್ನು ಪ್ರಶ್ನಿಸುತ್ತಿದ್ದವರು ಒಬ್ಬ ರೈತನ ಮಗ ಎಂಬುದು ವಿಚಿತ್ರವಾಗಿ ಕಂಡೀತು. ಆದರೆ ಭೂಮಿ ಯಾರದಾಗಬೇಕೆಂಬುದು ಅರಸರ ಪ್ರಶ್ನೆಯಾಗಿದ್ದರೆ, ಆ ಭೂಮಿಗೆ ನೀರೆಲ್ಲಿ ಎಂಬುದು ಗೌಡರ ಪ್ರಶ್ನೆಯಾಗಿತ್ತು. ಎರಡೂ ಪ್ರಶ್ನೆಗಳು ನಾಡಿಗೆ ಬೇಕಾಗಿದ್ದವು ಎಂದು ಈಗ ಹೇಳುವುದು ಸುಲಭ. ತುರ್ತುಪರಿಸ್ಥಿತಿಯಲ್ಲಿ ಅವರು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಬಂಧಿಯಾದರು. 1975ರಲ್ಲಿ ಬೆಂಗಳೂರಿನಲ್ಲಿಯೇ ಸೆರೆಯಾದ ಶ್ರೀ ವಾಜಪೇಯಿ, ಶ್ರೀ ಆಡ್ವಾಣಿಯವರನ್ನೂ ಅದೇ ಸೆರೆಮನೆಯಲ್ಲಿ ಇರಿಸಲಾಗಿತ್ತು. ಎರಡು ದಶಕಗಳ ಅನಂತರ ಅಲ್ಲಿನ ಸೆರೆಯಾಳುಗಳಲ್ಲೊಬ್ಬರು ರಾಜೀನಾಮೆಯಿತ್ತ ಪ್ರಧಾನಿ ಪದವಿಗೆ ಇನ್ನೊಬ್ಬರು ಬರುತ್ತಾರೆಂದು ಆಗ ಯಾರಿಗೆ ತೋಚೀತು?

1983ರಲ್ಲಿ ಕರ್ನಾಟಕದಲ್ಲಿ ಮೊದಲ ಕಾಂಗ್ರೆಸ್ಸೇತರ ಸರ್ಕಾರ ಬಂತು. ಶ್ರೀ ರಾಮಕೃಷ್ಣ ಹೆಗಡೆಯವರು ಮುಖ್ಯಮಂತ್ರಿಗಳು. ದೇವೇಗೌಡರಿಗೆ ಲೋಕೋಪಯೋಗಿ ಮತ್ತು ನೀರಾವರಿ ಖಾತೆಗಳು. ಹೆಗಡೆಯವರದು ನಯವಾದ ಮಾತು, ರಾಷ್ಟ್ರಮಟ್ಟದ ವರ್ಚಸ್ಸು. ಗೌಡರದು ಪಟ್ಟು ಹಿಡಿದರೆ ಬಿಡದ ಸ್ವಭಾವ. ಇಬ್ಬರೂ ಒಂದೇ ಬಂಡಿಯ ಎತ್ತುಗಳಾಗಿ ಬಹಳ ದೂರ ಸಾಗಲಾರರೆಂಬುದು ಬೇಗನೆ ತಿಳಿಯಿತು. ನೀರಾವರಿಗೆ ಒದಗಿಸಿದ ಹಣ ಸಾಲದೆಂದು ಪ್ರತಿಭಟಿಸಿ ಗೌಡರು 1987ರಲ್ಲಿ ಮಂತ್ರಿಪದವಿಗೆ ರಾಜೀನಾಮೆ ಕೊಟ್ಟರು. ರಾಜಕೀಯದಲ್ಲಿ ರಾಜೀನಾಮೆಗೆ ಒಂದೇ ಕಾರಣವಿರುವುದುಂಟೆ? ವೈಮನಸ್ಯವೂ ಇತ್ತು, ಮಹತ್ವಾಕಾಂಕ್ಷೆಯೂ ಇತ್ತು. ಆದರೂ ತಮ್ಮ ಇಲಾಖೆಯ ಕಾಲುವೆಗಳಿಗೆ ಹಣ ಸಾಲದೆಂದು ಕುರ್ಚಿ ಬಿಟ್ಟ ಮಂತ್ರಿಗಳು ಈ ದೇಶದಲ್ಲಿ ಅನೇಕರಿಲ್ಲ. ಇದರ ಫಲವನ್ನು ಅವರು 1989ರಲ್ಲಿ ಉಂಡರು. ಜನತಾ ಪರಿವಾರ ಒಡೆದಿತ್ತು, ಹೊಳೆನರಸೀಪುರದಲ್ಲಿಯೇ ಸೋಲಾಯಿತು. ರಾಜಕೀಯ ಮುಗಿಯಿತೆಂದು ಜನ ಆಡಿಕೊಂಡರು. 1991ರಲ್ಲಿ ಹಾಸನದಿಂದ ಲೋಕಸಭೆಗೆ ಆರಿಸಿಬಂದು ಗೌಡರು ಅದಕ್ಕೆ ಉತ್ತರ ಕೊಟ್ಟರು.

ಆ ವರ್ಷವೇ ಕಾವೇರಿ ನ್ಯಾಯಮಂಡಲಿಯು ತಮಿಳುನಾಡಿಗೆ ವರ್ಷಕ್ಕೆ 205 ಟಿ.ಎಂ.ಸಿ. ನೀರು ಬಿಡಬೇಕೆಂದು ಮಧ್ಯಂತರ ಆದೇಶವಿತ್ತಿತ್ತು. ಕರ್ನಾಟಕ ಕುದಿಯಿತು. ಪಕ್ಷಗಳು ಯಾವುವೇ ಇರಲಿ, ಕಾವೇರಿಯ ಲೆಕ್ಕ ಕೇಳಬೇಕಾದರೆ ಗೌಡರ ಕಡೆ ನೋಡುವ ರೂಢಿ ಬೆಳೆದದ್ದು ಈ ಕಾಲದಲ್ಲಿ.

1994ರ ಡಿಸೆಂಬರಿನಲ್ಲಿ ಜನತಾದಳ 115 ಸ್ಥಾನಗಳನ್ನು ಗೆದ್ದು, ರಾಮನಗರದಿಂದ ಆರಿಸಿಬಂದ ದೇವೇಗೌಡರು ಮುಖ್ಯಮಂತ್ರಿಗಳಾದರು. ಹುಬ್ಬಳ್ಳಿಯ ಈದಗಾಹ ಮೈದಾನದ ಧ್ವಜ ವಿವಾದವನ್ನು ಮಾತುಕತೆಯಿಂದ ತಿಳಿಯಾಗಿಸಿದ್ದು ಅವರ ಆಡಳಿತದ ಉತ್ತಮ ಕಾರ್ಯಗಳಲ್ಲಿ ಒಂದು. ಉತ್ತರ ಕರ್ನಾಟಕದ ದೃಷ್ಟಿಯಿಂದ ಇನ್ನೂ ದೊಡ್ಡ ಪ್ರಶ್ನೆ ಕೃಷ್ಣೆಯದು. ಬಚಾವತ್ ನ್ಯಾಯಮಂಡಲಿಯು ಮಹಾರಾಷ್ಟ್ರಕ್ಕೆ 560, ಕರ್ನಾಟಕಕ್ಕೆ 700, ಆಂಧ್ರಪ್ರದೇಶಕ್ಕೆ 800 ಟಿ.ಎಂ.ಸಿ. ಹಂಚಿ, 2000ನೇ ಇಸವಿಯ ಮೇ 31ರ ಅನಂತರ ಈ ಹಂಚಿಕೆಯನ್ನು ಮರುಪರಿಶೀಲಿಸಬಹುದೆಂದು ಹೇಳಿತ್ತು. ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರಲ್ಲಿ ಅಡಿಗಲ್ಲಿಟ್ಟ ಆಲಮಟ್ಟಿ ಅಣೆಕಟ್ಟು ಮೂವತ್ತು ವರ್ಷ ಕಳೆದರೂ ಮುಗಿದಿರಲಿಲ್ಲ. ಪಾಲಿಗೆ ಬಂದ ನೀರನ್ನು ಹಿಡಿದಿಡಲು ಕಟ್ಟೆಯಿಲ್ಲದವನಿಗೆ ಪಾಲು ಇದ್ದೇನು, ಇಲ್ಲದಿದ್ದರೇನು?

ಇದೇ ಅವಧಿಯಲ್ಲಿ, 1995ರಲ್ಲಿ, ಬೆಂಗಳೂರು–ಮೈಸೂರು ಹೆದ್ದಾರಿ ಕಾರಿಡಾರ್ ಯೋಜನೆಯ ಪ್ರಾಥಮಿಕ ಒಡಂಬಡಿಕೆಗೆ ಅವರ ಸರ್ಕಾರವೇ ಸಹಿ ಹಾಕಿತು. ಮುಂದೆ ಆ ಯೋಜನೆಯ ಹೆಸರಿನಲ್ಲಿ ಅಗತ್ಯಕ್ಕಿಂತ ಹೆಚ್ಚು ರೈತರ ಭೂಮಿ ಹೋಗುತ್ತಿದೆಯೆಂದು ವರ್ಷಗಟ್ಟಲೆ ಹೋರಾಡಿದವರೂ ಅವರೇ. ಟೀಕಾಕಾರರು ಇದನ್ನು ಎತ್ತಿ ಆಡದೆ ಬಿಡಲಿಲ್ಲ, ಬಿಡಬೇಕಾಗಿಯೂ ಇರಲಿಲ್ಲ.

1996ರ ಲೋಕಸಭಾ ಚುನಾವಣೆಯಲ್ಲಿ ಯಾರಿಗೂ ಬಹುಮತ ಬರಲಿಲ್ಲ. ಶ್ರೀ ವಾಜಪೇಯಿಯವರ ಸರ್ಕಾರ ಹದಿಮೂರು ದಿನಗಳಲ್ಲಿ ರಾಜೀನಾಮೆ ಕೊಟ್ಟಿತು. ಪ್ರಾದೇಶಿಕ ಪಕ್ಷಗಳೂ ಎಡಪಕ್ಷಗಳೂ ಜನತಾದಳವೂ ಸೇರಿ ಸಂಯುಕ್ತರಂಗ ಕಟ್ಟಿದವು. ಶ್ರೀ ವಿ. ಪಿ. ಸಿಂಗ್ ಒಲ್ಲೆನೆಂದರು. ಶ್ರೀ ಜ್ಯೋತಿ ಬಸು ಅವರಿಗೆ ಅವರ ಪಕ್ಷವೇ ಒಪ್ಪಿಗೆ ಕೊಡಲಿಲ್ಲ. ಕರ್ನಾಟಕದ 28 ಸ್ಥಾನಗಳಲ್ಲಿ 16ನ್ನು ಗೆದ್ದುಕೊಟ್ಟಿದ್ದ ದೇವೇಗೌಡರ ಹೆಸರು ಹೀಗೆ ಮೇಲೆ ಬಂತು. ಜೂನ್ 1ರಂದು ಅವರು ಭಾರತದ ಹನ್ನೊಂದನೆಯ ಪ್ರಧಾನಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಪ್ರಧಾನಿ ಪದವಿಗೇರಿದ ಮೊದಲ ಕನ್ನಡಿಗ. ಒಕ್ಕಲು ಮನೆಯಿಂದ ಆ ಪೀಠಕ್ಕೆ ಹೋದವರಲ್ಲಿ ಚೌಧರಿ ಚರಣಸಿಂಗರು ಮೊದಲೇ ಇದ್ದರು. ಆದರೆ 1979ರಲ್ಲಿ ಪ್ರಧಾನಿಯಾದ ಅವರಿಗೆ ಸಂಸತ್ತನ್ನು ಎದುರಿಸುವ ಭಾಗ್ಯವೇ ದೊರೆಯಲಿಲ್ಲ.

ದೆಹಲಿಯ ಪತ್ರಿಕೆಗಳು ಅವರನ್ನು ಕೌತುಕದಿಂದಲೂ ಸ್ವಲ್ಪ ಅಸಡ್ಡೆಯಿಂದಲೂ ಕಂಡವು. ಪಂಚೆ, ಜುಬ್ಬ, ಹೆಗಲ ಮೇಲಿನ ವಸ್ತ್ರ, ಹಿಂದಿ ಬಾರದ ನಾಲಗೆ, ಸಭೆಗಳಲ್ಲಿ ಮುಚ್ಚಿಕೊಳ್ಳುವ ಕಣ್ಣು, ರಾಗಿಮುದ್ದೆಯ ಊಟ ಎಲ್ಲವೂ ವ್ಯಂಗ್ಯಚಿತ್ರಕಾರರಿಗೆ ಸುಗ್ಗಿಯಾದವು. 1996ರ ಆಗಸ್ಟ್ 15ರಂದು ಕೆಂಪುಕೋಟೆಯ ಮೇಲಿಂದ ಅವರು ಕನ್ನಡ ಅಕ್ಷರಗಳಲ್ಲಿ ಬರೆದುಕೊಂಡ ಹಿಂದಿ ಭಾಷಣವನ್ನು ಓದಿದರು. ಪರಸ್ಥಳದಲ್ಲಿ ಅನ್ಯಭಾಷೆಯ ಅರ್ಜಿಯನ್ನು ಕನ್ನಡ ಲಿಪಿಯಲ್ಲಿ ಗೀಚಿಕೊಂಡು ಬಾಯಿಪಾಠ ಮಾಡಿದ ಪುಣೆಯ ಕನ್ನಡಿಗರಿಗೆ ಇದರಲ್ಲಿ ನಗುವಂಥದ್ದೇನೂ ತೋರದು. ರಾಗಿಯ ವಿಷಯದಲ್ಲಂತೂ ನಕ್ಕವರೇ ಸೋತರು. ಮಹಾರಾಷ್ಟ್ರದಲ್ಲಿ ನಾಚಣಿಯೆಂದು ಕರೆಯುವ ಈ ಧಾನ್ಯದ ನೂರು ಗ್ರಾಮಿನಲ್ಲಿ ಮುನ್ನೂರು ಮಿಲಿಗ್ರಾಮಿಗೂ ಮಿಕ್ಕಿ ಸುಣ್ಣದ ಅಂಶವಿದೆ. ಅಕ್ಕಿ ಗೋಧಿಗಳಲ್ಲಿ ಅದರ ಸಣ್ಣ ಭಾಗವೂ ಇಲ್ಲ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಅದೇ ರಾಗಿ ದೊಡ್ಡ ದೊಡ್ಡ ಔತಣಕೂಟಗಳ ತಟ್ಟೆಯನ್ನೇರಿತು.

ಹತ್ತೂವರೆ ತಿಂಗಳ ಅವಧಿಯಲ್ಲಿ ಅವರು ಮಾಡಿದ ಕೆಲಸಗಳಲ್ಲಿ ಎರಡನ್ನು ವಿಶೇಷವಾಗಿ ನೋಡಬೇಕು. ಎರಡೂ ನೀರಿಗೆ ಸಂಬಂಧಿಸಿದವು.

ಮೊದಲನೆಯದು 1996–97ರಲ್ಲಿ ಆರಂಭವಾದ ತ್ವರಿತ ನೀರಾವರಿ ಲಾಭ ಕಾರ್ಯಕ್ರಮ. ದೇಶದಾದ್ಯಂತ ಅಣೆಕಟ್ಟು ಮುಗಿದು ಕಾಲುವೆ ನಿಂತಿದ್ದ, ಇನ್ನಷ್ಟು ಹಣ ಸುರಿದರೆ ನೀರು ಹರಿಯಬಹುದಾದ ಯೋಜನೆಗಳು ಅನೇಕವಿದ್ದವು. ಅಂಥವನ್ನು ಮುಗಿಸಲು ಕೇಂದ್ರವು ರಾಜ್ಯಗಳಿಗೆ ಸಾಲ ಕೊಡುವ ವ್ಯವಸ್ಥೆ ಇದು. ಹೊಸ ಅಡಿಗಲ್ಲುಗಳನ್ನು ನೆಡುವುದಕ್ಕಿಂತ ಹಳೆಯವನ್ನು ಮುಗಿಸುವುದು ಮೇಲು ಎಂಬ ಸರಳ ವಿಚಾರ. 1987ರಲ್ಲಿ ಹಣವಿಲ್ಲದೆ ಕುರ್ಚಿ ಬಿಟ್ಟ ನೀರಾವರಿ ಮಂತ್ರಿಯೊಬ್ಬರಿಗೆ ಒಂಬತ್ತು ವರ್ಷಗಳ ತರುವಾಯ ಹಣದ ಪೆಟ್ಟಿಗೆಯ ಕೀಲಿ ಸಿಕ್ಕಾಗ ಮಾಡಿದ ಕೆಲಸವಿದು. ಆ ಕಾರ್ಯಕ್ರಮ ಅವರ ಸರ್ಕಾರ ಬಿದ್ದ ಮೇಲೂ ನಿಲ್ಲಲಿಲ್ಲ. ಅನಂತರದ ಸರ್ಕಾರಗಳು ಅದನ್ನು ಮುಂದುವರಿಸಿದವು.

ಎರಡನೆಯದು ಗಂಗೆಯ ಒಪ್ಪಂದ. ಫರಕ್ಕಾದಲ್ಲಿ ಭಾರತ ಕಟ್ಟಿದ ಒಡ್ಡು 1975ರಿಂದ ಕೆಲಸ ಮಾಡತೊಡಗಿತ್ತು. ಬೇಸಗೆಯಲ್ಲಿ ಗಂಗೆ ಇಳಿದಾಗ ನೀರು ಹೇಗೆ ಹಂಚಿಕೊಳ್ಳಬೇಕೆಂಬ ವಿಷಯದಲ್ಲಿ ಬಾಂಗ್ಲಾದೇಶದೊಡನೆ ಎರಡು ದಶಕಗಳ ಮನಸ್ತಾಪವಿತ್ತು. 1996ರ ಡಿಸೆಂಬರ್ 12ರಂದು ದೆಹಲಿಯಲ್ಲಿ ದೇವೇಗೌಡರೂ ಬಾಂಗ್ಲಾದೇಶದ ಪ್ರಧಾನಿ ಶೇಖ್ ಹಸೀನಾ ಅವರೂ ಮೂವತ್ತು ವರ್ಷಗಳ ಒಪ್ಪಂದಕ್ಕೆ ಸಹಿ ಮಾಡಿದರು. ಜನವರಿ 1ರಿಂದ ಮೇ 31ರವರೆಗೆ ಹರಿವು 70 ಸಾವಿರ ಕ್ಯೂಸೆಕ್ಸಿಗಿಂತ ಕಡಿಮೆಯಿದ್ದರೆ ಇಬ್ಬರಿಗೂ ಅರ್ಧರ್ಧ. 70ರಿಂದ 75 ಸಾವಿರದೊಳಗಿದ್ದರೆ ಬಾಂಗ್ಲಾದೇಶಕ್ಕೆ 35 ಸಾವಿರ, ಉಳಿದದ್ದು ಭಾರತಕ್ಕೆ. ಅದಕ್ಕೂ ಮಿಕ್ಕಿದರೆ ಭಾರತಕ್ಕೆ 40 ಸಾವಿರ, ಉಳಿದದ್ದು ಅವರಿಗೆ. ಗಂಗೆ ಹಾದುಹೋಗುವ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು ಅವರ ಸಹಕಾರವಿಲ್ಲದೆ ಇದು ಆಗುತ್ತಿರಲಿಲ್ಲ. ಕಾವೇರಿಯಲ್ಲಿ ಮೇಲಿನ ದಡದ ರೈತನಾಗಿ ಒಂದು ಹನಿಗೂ ವಾದ ಹೂಡಿದ ವ್ಯಕ್ತಿ, ಗಂಗೆಯಲ್ಲಿ ಮೇಲಿನ ದಡದ ದೇಶದ ಪ್ರಧಾನಿಯಾಗಿ ಕೆಳಗಿನವರ ಪಾಲನ್ನು ಬರಹದಲ್ಲಿ ಒಪ್ಪಿಕೊಟ್ಟರು. ಇದನ್ನು ಇಬ್ಬಗೆಯೆಂದು ಕರೆಯುವವರುಂಟು. ಹಾಗಲ್ಲ. ಕೊರತೆಯ ವರ್ಷದಲ್ಲಿ ಕೊರತೆಯನ್ನೂ ಹಂಚಿಕೊಳ್ಳಬೇಕು, ಅದಕ್ಕೆ ಮೊದಲೇ ಸೂತ್ರವಿರಬೇಕು ಎಂಬುದು ಗಂಗೆಯ ಒಪ್ಪಂದದ ತಿರುಳು. ಕಾವೇರಿಯ ಜಗಳದಲ್ಲಿ ಬಹುಕಾಲ ಇಲ್ಲದಿದ್ದುದು ಅಂಥ ಸೂತ್ರವೇ.

ಸ್ವಂತ ಮನೆಯ ನೀರಿನ ಜಗಳ ಮಾತ್ರ ದೆಹಲಿಯಲ್ಲಿಯೂ ಬೆನ್ನು ಬಿಡಲಿಲ್ಲ. ಆಲಮಟ್ಟಿಯ ಎತ್ತರವನ್ನು 524.256 ಮೀಟರಿಗೆ ಏರಿಸುವುದಕ್ಕೆ ಆಂಧ್ರದ ಮುಖ್ಯಮಂತ್ರಿ ಶ್ರೀ ಚಂದ್ರಬಾಬು ನಾಯ್ಡು ತೀವ್ರ ವಿರೋಧ ಒಡ್ಡಿದರು. ಆ ನಾಯ್ಡು ಅವರೇ ಸಂಯುಕ್ತರಂಗದ ಸಂಚಾಲಕರು! ಒಂದು ಕಡೆ ಹುಟ್ಟಿದ ನಾಡು, ಇನ್ನೊಂದು ಕಡೆ ಸರ್ಕಾರವನ್ನು ಹೊತ್ತ ಹೆಗಲು. ಕೊನೆಗೆ ಸರ್ವೋಚ್ಚ ನ್ಯಾಯಾಲಯವು 2000ನೇ ಇಸವಿಯಲ್ಲಿ 519.6 ಮೀಟರಿಗೆ ಅನುಮತಿಯಿತ್ತಿತು.

ಇನ್ನು ಉಳಿದವು: ಒಂಬತ್ತು ವರ್ಷಗಳ ತರುವಾಯ ಕಾಶ್ಮೀರದಲ್ಲಿ 1996ರ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ವಿಧಾನಸಭಾ ಚುನಾವಣೆ ನಡೆಯಿತು. ಈಶಾನ್ಯ ರಾಜ್ಯಗಳಿಗೆ 6,100 ಕೋಟಿ ರೂಪಾಯಿಗಳ ಯೋಜನೆ ಪ್ರಕಟವಾಯಿತು. ಮಹಿಳೆಯರಿಗೆ ಶಾಸನಸಭೆಗಳಲ್ಲಿ ಮೂರನೆಯ ಒಂದು ಭಾಗ ಸ್ಥಾನ ಕಾದಿರಿಸುವ ವಿಧೇಯಕ ಸೆಪ್ಟೆಂಬರ್ 12ರಂದು ಲೋಕಸಭೆಯಲ್ಲಿ ಮಂಡಿತವಾಯಿತು. ಅಂಥ ಶಾಸನಕ್ಕೆ ಸಂಸತ್ತಿನ ಒಪ್ಪಿಗೆ ದೊರೆತದ್ದು 2023ರ ಸೆಪ್ಟೆಂಬರಿನಲ್ಲಿ. ಆಗ ದೇವೇಗೌಡರು ರಾಜ್ಯಸಭೆಯಲ್ಲಿದ್ದರು. ಅಸ್ಸಾಮಿನ ಬೋಗಿಬೀಲ್‌ನಲ್ಲಿ ಬ್ರಹ್ಮಪುತ್ರೆಗೆ ರೈಲು–ರಸ್ತೆ ಸೇತುವೆ ಕಟ್ಟಲು 1997ರ ಜನವರಿ 22ರಂದು ಅವರು ಅಡಿಗಲ್ಲಿಟ್ಟರು. ಸುಮಾರು ಐದು ಕಿಲೋಮೀಟರ್ ಉದ್ದದ ಆ ಸೇತುವೆ 2018ರ ಡಿಸೆಂಬರ್ 25ರಂದು ತೆರೆಯಿತು. ಅಂದಿನ ಸಮಾರಂಭಕ್ಕೆ ತಮಗೆ ಆಹ್ವಾನ ಬರಲಿಲ್ಲವೆಂದು ಅವರು ಪತ್ರಕರ್ತರಲ್ಲಿ ಹೇಳಿದ್ದುಂಟು.

1997ರ ಮಾರ್ಚ್ 30ರಂದು ಕಾಂಗ್ರೆಸ್ ಅಧ್ಯಕ್ಷ ಶ್ರೀ ಸೀತಾರಾಮ್ ಕೇಸರಿಯವರು ಹೊರಗಿನ ಬೆಂಬಲವನ್ನು ಹಿಂತೆಗೆದುಕೊಂಡರು. ಹಿಂದಿನ ದಿನದವರೆಗೆ ಸರಿಯಾಗಿದ್ದ ಸರ್ಕಾರ ಮರುದಿನ ಏಕೆ ಬೇಡವಾಯಿತೆಂಬುದಕ್ಕೆ ಸಮಾಧಾನಕರವಾದ ಕಾರಣವನ್ನು ದೇಶಕ್ಕೆ ಯಾರೂ ಹೇಳಲಿಲ್ಲ. ಏಪ್ರಿಲ್ 11ರಂದು ವಿಶ್ವಾಸಮತದ ಪರ 158, ವಿರುದ್ಧ 292 ಮತಗಳು ಬಿದ್ದವು. ಏಪ್ರಿಲ್ 21ರಂದು ಶ್ರೀ ಐ. ಕೆ. ಗುಜ್ರಾಲ್ ಪ್ರಧಾನಿಯಾದರು.

ಮುಂದಿನ ವರ್ಷಗಳ ಕಥೆ ಅಷ್ಟು ಹಿತಕರವಲ್ಲ. 1999ರಲ್ಲಿ ಜನತಾದಳ ಮತ್ತೆ ಒಡೆದು ಜಾತ್ಯತೀತ ಜನತಾದಳವಾಯಿತು; ಕಾಲಕ್ರಮದಲ್ಲಿ ಅದು ಒಂದು ಮನೆತನದ ಪಕ್ಷವೆಂಬ ಹೆಸರನ್ನು ಹೊತ್ತಿತು. ಮಗ ಶ್ರೀ ಕುಮಾರಸ್ವಾಮಿ 2006ರಲ್ಲಿ ಭಾರತೀಯ ಜನತಾ ಪಕ್ಷದೊಡನೆ, 2018ರಲ್ಲಿ ಕಾಂಗ್ರೆಸ್ಸಿನೊಡನೆ ಸೇರಿ ಮುಖ್ಯಮಂತ್ರಿಯಾದರು. 2023ರಲ್ಲಿ ಪಕ್ಷ ಮತ್ತೆ ದಿಕ್ಕು ಬದಲಿಸಿತು. 2024ರಲ್ಲಿ ಮೊಮ್ಮಗನೊಬ್ಬನ ಮೇಲೆ ದಾಖಲಾದ ಘೋರ ಅಪರಾಧದ ಪ್ರಕರಣಗಳೂ, 2025ರ ಆಗಸ್ಟಿನಲ್ಲಿ ಅವುಗಳಲ್ಲೊಂದರಲ್ಲಿ ನ್ಯಾಯಾಲಯ ವಿಧಿಸಿದ ಜೀವಾವಧಿ ಶಿಕ್ಷೆಯೂ ಆ ಮನೆಗೆ ಬಡಿದ ದೊಡ್ಡ ಕಳಂಕ. ಅಭಿಮಾನದಿಂದ ಬರೆಯುವವರೂ ಇದನ್ನು ಮುಚ್ಚಿಡುವಂತಿಲ್ಲ.

ನೀರಿನ ವಿಷಯದಲ್ಲಿ ಮಾತ್ರ ಗೌಡರ ಹಳೆಯ ಪಟ್ಟು ಸಡಿಲಲಿಲ್ಲ. 2016ರ ಅಕ್ಟೋಬರ್ 1ರಂದು, ಕಾವೇರಿ ನಿರ್ವಹಣಾ ಮಂಡಲಿಯ ಆದೇಶ ಬಂದಾಗ, ಎಂಬತ್ತಮೂರರ ವಯಸ್ಸಿನಲ್ಲಿ ಅವರು ವಿಧಾನಸೌಧದ ಗಾಂಧಿ ಪ್ರತಿಮೆಯ ಬಳಿ ಉಪವಾಸ ಕುಳಿತರು. ಕೇಂದ್ರದ ಮಂತ್ರಿಗಳು ಬಂದು ಭರವಸೆ ಕೊಟ್ಟ ಮೇಲೆ ಸಂಜೆಗೆ ಎದ್ದರು. 2018ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಪಾಲಿಗೆ 14.75 ಟಿ.ಎಂ.ಸಿ. ಹೆಚ್ಚಿಸಿ 284.75 ಎಂದು ನಿಗದಿಪಡಿಸಿತು.

ಮರುವರ್ಷವೇ ವಿಧಿಯ ಅಣಕ. 2019ರ ಲೋಕಸಭಾ ಚುನಾವಣೆಯಲ್ಲಿ ಹಾಸನವನ್ನು ಮೊಮ್ಮಗನಿಗೆ ಬಿಟ್ಟುಕೊಟ್ಟು ಗೌಡರು ತುಮಕೂರಿನಲ್ಲಿ ನಿಂತರು. ಹೇಮಾವತಿಯ ನಾಲೆ ತುಮಕೂರು ಜಿಲ್ಲೆಗೂ ಹೋಗುತ್ತದೆ. ತುಮಕೂರಿಗೆ ಸಲ್ಲಬೇಕಾದ ನೀರನ್ನು ಹಾಸನದವರು ಬಿಡದೆ ತಡೆದರು, ಅದಕ್ಕೆ ಗೌಡರೇ ಕಾರಣರು ಎಂಬುದು ಎದುರಾಳಿಗಳ ಪ್ರಚಾರದ ಮುಖ್ಯ ಆಯುಧವಾಯಿತು. ಗೌಡರು ಅದನ್ನು ಅಲ್ಲಗಳೆದರು. ಆದರೆ ನಾಲೆಯ ತುದಿಯ ರೈತನಿಗೆ ಕಾಣುವುದು ತನ್ನ ಹೊಲದ ಬಿರುಕು ಮಾತ್ರ; ನಾಲೆಯ ತಲೆಯಲ್ಲಿರುವವನ ಸಮಜಾಯಿಷಿ ಅವನಿಗೆ ತಲುಪುವುದಿಲ್ಲ. ತಮಿಳುನಾಡಿನ ರೈತ ಕರ್ನಾಟಕದ ಮೇಲೆ ಹೊರಿಸುವ ದೂರನ್ನೇ ತುಮಕೂರಿನ ರೈತ ಹಾಸನದ ಮೇಲೆ ಹೊರಿಸಿದ. ಸುಮಾರು 13 ಸಾವಿರ ಮತಗಳ ಅಂತರದಿಂದ ಮಾಜಿ ಪ್ರಧಾನಿಗಳು ಸೋತರು.

2020ರ ಜೂನ್ ತಿಂಗಳಲ್ಲಿ ಅವರು ಕರ್ನಾಟಕದಿಂದ ಅವಿರೋಧವಾಗಿ ರಾಜ್ಯಸಭೆಗೆ ಆರಿಸಿಬಂದರು. ಸೆಪ್ಟೆಂಬರಿನಲ್ಲಿ ಪ್ರಮಾಣವಚನ ಸ್ವೀಕರಿಸಿದಾಗ ಅವರಿಗೆ ಎಂಬತ್ತೇಳು ವರ್ಷ. ನಡಿಗೆ ನಿಧಾನವಾಗಿತ್ತು, ಧ್ವನಿ ಕುಗ್ಗಿತ್ತು. ಆ ಸದನದಲ್ಲಿ ಎದ್ದು ನಿಂತಾಗ ಅವರು ಮತ್ತೆ ಮತ್ತೆ ಎತ್ತಿದ್ದು ಕಾವೇರಿಯ ವಿಷಯ, ಮೇಕೆದಾಟಿನ ವಿಷಯ, ಬೆಂಗಳೂರಿನ ಕುಡಿಯುವ ನೀರಿನ ವಿಷಯ.